ಅಯ್ಯಪ್ಪನ ಕಾಡಿಗೆ ಹೋದ ಕ್ಯಾಮೆರಾ

ಅಯ್ಯಪ್ಪನನ್ನು ನಂಬಿದ ಅಣ್ಣಂದಿರಿಗೂ ಅಕ್ಕಂದಿರಿಗೂ ಗೋಣಿಕೊಪ್ಪಲಿನ ಜಯಮ್ಮ ಕೈಮುಗಿದು ಬರೆಯುವುದು. ಹೋದ ಚೈತ್ರದಲ್ಲಿ ನನ್ನ ಕ್ಯಾಮೆರಾ ನಾಪೋಕ್ಲು ಕಡೆಯ ಒಂದು ದೇವರಕಾಡಿನೊಳಗೆ ಹೋಗಿ ಕೂತುಬಿಟ್ಟಿತು. ನಾನು ಇಟ್ಟದ್ದಲ್ಲ, ಕಳ್ಳರು ಬಚ್ಚಿಟ್ಟದ್ದೂ ಅಲ್ಲ. ಹರಕೆ ಒಪ್ಪಿಸಲು ಹೋದವರು ಭಕ್ತಿಯಿಂದ ತಲೆಯ ಮೇಲೆ ಹೊತ್ತುಕೊಂಡು ಹೋಗಿ, ಅಡ್ಡಬಿದ್ದು, ಇಟ್ಟು ಬಂದದ್ದು. ದೇವರಕಾಡಿಗೆ ಒಮ್ಮೆ ಹೋದದ್ದು ಹೊರಗೆ ಬರುವುದಿಲ್ಲ ಎಂಬುದು ಆ ಊರಿನ ಕಟ್ಟು. ಹೆಂಗಸರು ಒಳಗೆ ಕಾಲಿಡುವಂತಿಲ್ಲ ಎಂಬುದು ಇನ್ನೊಂದು ಕಟ್ಟು. ಎರಡೂ ಕಟ್ಟಿನ ಹೊರಗೆ ನಾನೊಬ್ಬಳೇ ನಿಂತಿದ್ದೆ.

ಮೊದಲು ನಮ್ಮ ಸಂಗತಿ ಹೇಳಬೇಕು. ನಮ್ಮ ಅಪ್ಪ ಹಾಸನದ ಕಡೆಯಿಂದ ಬಂದು ಗೋಣಿಕೊಪ್ಪಲಿನ ಸಂತೆಬೀದಿಯಲ್ಲಿ ಫೋಟೋ ಅಂಗಡಿ ಇಟ್ಟವರು. ಹಿಂದೆ ಬಣ್ಣದ ಪರದೆ, ಮುಂದೆ ಒಂದು ಕುರ್ಚಿ, ನಡುವೆ ಅವರ ಕ್ಯಾಮೆರಾ. ಕೊಡಗು ರಾಜ್ಯಕ್ಕೆ ಮೊದಲ ಚುನಾವಣೆ ನಡೆದ ವರ್ಷ ಅಪ್ಪನ ಕೈ ನಡುಗಲು ತೊಡಗಿತು. ಮೊದಲು ಕಾಫಿ ಲೋಟ ನಡುಗಿತು, ಆಮೇಲೆ ಫೋಟೋಗಳೇ ನಡುಗಿದವು. ಒಬ್ಬ ಮದುಮಗನಿಗೆ ಎರಡು ಮೂಗು ಬಂದ ಮೇಲೆ ಅಪ್ಪ ಅಂಗಡಿಯ ಬಾಗಿಲು ಹಾಕಿಕೊಂಡು ಮೂರು ದಿನ ಒಳಗೇ ಕೂತರು. ನಾಲ್ಕನೆಯ ದಿನ ನಾನು ಬಾಗಿಲು ತೆರೆದೆ. ಆಗ ನನಗೆ ಹದಿನೆಂಟು. ಚಿಕ್ಕಂದಿನಿಂದ ಕತ್ತಲೆಕೋಣೆಯಲ್ಲಿ ಅಪ್ಪನಿಗೆ ನೀರು ಎತ್ತಿ ಕೊಟ್ಟವಳಿಗೆ ಕೆಲಸ ಗೊತ್ತಿರಲಿಲ್ಲವೆಂದಲ್ಲ, ಮುಟ್ಟಲು ಯಾರೂ ಬಿಟ್ಟಿರಲಿಲ್ಲ, ಅಷ್ಟೇ. ಹೆಣ್ಣುಮಗಳು ಕ್ಯಾಮೆರಾದ ಕರಿಬಟ್ಟೆಯೊಳಗೆ ತಲೆ ತೂರಿಸಿ ಗಂಡಸರನ್ನು ನೋಡುವುದೇ ಎಂದು ನೆಂಟರು ಆಡಿಕೊಂಡರು. ಮನೆಯೊಳಗೆ ಕೂತು ಅಪ್ಪನ ನಡುಗುವ ಕೈ ನೋಡುವುದಕ್ಕಿಂತ ಅದು ವಾಸಿ ಎಂದು ನಾನು ಹೇಳಿದೆ.

ಅಂಗಡಿಗೆ ಬರುವವರಿಗಿಂತ ಕರೆಯುವವರು ಹೆಚ್ಚು. ತೋಟದ ಮನೆಗಳಲ್ಲಿ ಮದುವೆ, ನಾಮಕರಣ, ಏಳಲಾಗದ ಮುದುಕರು. ಹಾಗಾಗಿ ಕ್ಯಾಮೆರಾವನ್ನು ಹೊತ್ತು ತಿರುಗಬೇಕು, ನನ್ನ ನಿಜವಾದ ಕಷ್ಟ ಇದ್ದದ್ದೇ ಅಲ್ಲಿ. ಅದು ಮರದ ಮೈಯ, ಹಿಗ್ಗಿ ಕುಗ್ಗುವ ಚರ್ಮದ ತಿದಿಯ, ಹಿಂದೆ ಗಾಜಿನ ಹಲಗೆಯ ದೊಡ್ಡ ಕ್ಯಾಮೆರಾ. ಅದಕ್ಕೊಂದು ಚರ್ಮದ ಪೆಟ್ಟಿಗೆ ಇತ್ತು. ಪೆಟ್ಟಿಗೆ ನೋಡಲು ಚೆನ್ನ, ಪ್ರಯಾಣಕ್ಕೆ ಶತ್ರು. ದೊಡ್ಡ ಪೆಟ್ಟಿಗೆಯೆಲ್ಲ ಬಸ್ಸಿನ ಮೇಲಕ್ಕೆ ಎಂದು ಕಂಡಕ್ಟರು ಹೇಳುವರು. ಮೇಲೆ ಮೆಣಸಿನ ಮೂಟೆ, ಕೋಳಿಯ ಪಂಜರ, ಅದರ ನಡುವೆ ನನ್ನ ಪೆಟ್ಟಿಗೆ. ವಿರಾಜಪೇಟೆ ತಲುಪುವುದರೊಳಗೆ ಒಮ್ಮೆ ಗಾಜು ಸೀಳುಬಿಟ್ಟಿತು. ಇನ್ನೊಮ್ಮೆ ಮಳೆನೀರು ಇಳಿದು ತಿದಿಗೆ ಬೂಷ್ಟು ಹಿಡಿಯಿತು. ಮಡಿಲಲ್ಲಿಟ್ಟುಕೊಂಡರೆ ಪಕ್ಕದವರ ಮೊಣಕೈಗೆ ಸಿಟ್ಟು. ಅದರೊಳಗೆ ಏನಿದೆ ಎಂದು ಕೇಳದವರಿಲ್ಲ. ಹಾರ್ಮೋನಿಯಂ ಇರಬೇಕು, ಒಂದು ಪದ ಬಾರಿಸಮ್ಮ ಎಂದವರೂ ಉಂಟು.

ವಿರಾಜಪೇಟೆಯ ಹೊರಗೆ ಒಂದು ಕುಂಬಾರರ ಮನೆಯಿದೆ. ಈ ಸೀಮೆಯ ಅಯ್ಯಪ್ಪ ಬೇಟೆಯ ದೇವರು. ಅವನಿಗೆ ಹರಕೆ ಹೊತ್ತವರು ಮಣ್ಣಿನ ನಾಯಿಗಳನ್ನು ಮಾಡಿಸಿ ಕಾಡಿನಲ್ಲಿ ಒಪ್ಪಿಸುತ್ತಾರೆ. ಒಂದು ದಿನ ಬಸ್ಸು ಕೆಟ್ಟು ನಿಂತಾಗ ನೀರು ಕೇಳಲು ಆ ಮನೆಗೆ ಹೋದೆ. ಕುಂಬಾರರ ಹೆಂಡತಿ ನಾಯಿಗಳನ್ನು ಬುಟ್ಟಿಗೆ ತುಂಬುತ್ತಿದ್ದಳು. ಬುಟ್ಟಿಯ ತಳಕ್ಕೆ ಒಣಹುಲ್ಲು, ಪ್ರತಿ ನಾಯಿಗೂ ಹುಲ್ಲಿನದೇ ಒಂದು ಸಿಂಬಿ, ಕಿವಿಯ ಸಂದಿಗೆಲ್ಲ ಬತ್ತದ ಹೊಟ್ಟು, ಮೇಲೆ ಕೆಂಪು ಬಟ್ಟೆಯ ಕಟ್ಟು. ಐದು ಮೈಲಿ ತಲೆಯ ಮೇಲೆ ಹೋದರೂ ಒಂದು ಬಾಲವೂ ಮುರಿಯುವುದಿಲ್ಲ ಎಂದಳು. ನನಗೂ ಒಂದು ಅಂಥದೇ ಬುಟ್ಟಿ ಬೇಕು ಎಂದೆ. ಎಷ್ಟು ನಾಯಿ ಎಂದು ಕೇಳಿದಳು. ಕ್ಯಾಮೆರಾ ತೋರಿಸಿದೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು, ನಕ್ಕು ಮುಗಿಸಿ ಕೆಲಸಕ್ಕೆ ಕೂತಳು.

ಒಡೆಯುವ ವಸ್ತು ಹೊತ್ತು ತಿರುಗುವ ಅಕ್ಕತಂಗಿಯರಿಗೆ ಅವಳು ಕಲಿಸಿದ್ದನ್ನು ಹೇಳಿಬಿಡುತ್ತೇನೆ. ಗಾಜನ್ನು ಎಂದೂ ಮಲಗಿಸಬೇಡಿ, ನಿಲ್ಲಿಸಿ. ಲೆನ್ಸನ್ನು ಬಿಚ್ಚಿ ಎರಡು ಬಟ್ಟೆಚೀಲದೊಳಗೆ ಹಾಕಿ ಹುಲ್ಲಿನ ನಟ್ಟನಡುವೆ ಹುದುಗಿಸಿ, ಹೊಟ್ಟಿನ ಧೂಳು ತಾಗದಂತೆ ಬಾಯಿ ಬಿಗಿಯಿರಿ. ಎಲ್ಲ ತುಂಬಿದ ಮೇಲೆ ಬುಟ್ಟಿ ಅಲುಗಾಡಿಸಿದರೆ ಏನೂ ಸದ್ದಾಗಬಾರದು. ಸದ್ದಾದರೆ ಇನ್ನೊಂದು ಹಿಡಿ ಹುಲ್ಲು. ಮೂರುಕಾಲಿನ ಸ್ಟ್ಯಾಂಡನ್ನು ಕೊಡೆಯ ಜೊತೆ ಸುತ್ತಿ ಹೆಗಲಿಗೆ ಹಾಕಿಕೊಂಡರಾಯಿತು. ಆ ಬುಟ್ಟಿ ಬಂದ ಮೇಲೆ ಒಂದು ವರ್ಷ ನನ್ನ ಕ್ಯಾಮೆರಾದ ಮೇಲೆ ಒಂದು ಗೀರೂ ಬೀಳಲಿಲ್ಲ.

ಇನ್ನು ನನ್ನ ತಪ್ಪು. ಬುಟ್ಟಿ ಹಿಡಿದು ಮೊದಲ ಸಲ ಬಸ್ಸು ಹತ್ತಿದಾಗ ಕಂಡಕ್ಟರು ಕೆಂಪು ಬಟ್ಟೆ ನೋಡಿ, ದೇವರ ನಾಯಿಗಳಾ ಎಂದು ಕೇಳಿದ. ನಾನು ಹೂಂ ಎಂದೆ. ಅಷ್ಟೇ ಮಾತು. ಅವನು ಡ್ರೈವರನ ಸೀಟಿನ ಹಿಂದೆ ಜಾಗ ಬಿಡಿಸಿ, ಚಪ್ಪಲಿಗಳನ್ನು ಸರಿಸಿ, ಬುಟ್ಟಿಯನ್ನು ಮೆಲ್ಲಗೆ ಇಟ್ಟ. ಜನ ಕಾಲು ಮಡಚಿಕೊಂಡರು. ಒಬ್ಬರೂ ಒಳಗೇನಿದೆ ಎಂದು ಕೇಳಲಿಲ್ಲ. ಆ ಹೂಂ ಎನ್ನುವುದನ್ನು ನಾನು ವರ್ಷವಿಡೀ ಹೇಳಿದೆ. ಪಾಪ ಎಂದು ನನಗೆ ಒಮ್ಮೆಯೂ ಅನ್ನಿಸಲಿಲ್ಲ, ಜಾಣತನ ಎಂದೇ ಅನ್ನಿಸಿತು. ಮುಚ್ಚಿಟ್ಟು ಬರೆಯಲು ನನಗೆ ಬರುವುದಿಲ್ಲ.

ಹೂಮಳೆ ಬಿದ್ದು ಕಾಫಿಹೂವು ಉದುರಿದ ಮೇಲೆ ಒಂದು ದಿನ ನಾಪೋಕ್ಲಿನ ಆಚೆಯ ಎಸ್ಟೇಟಿನ ರೈಟರ, ಎಂದರೆ ತೋಟದ ಲೆಕ್ಕ ಬರೆಯುವವರ, ಮನೆಯಿಂದ ಕರೆ ಬಂತು. ಅವರ ತಾಯಿಯ ಫೋಟೋ ಆಗಬೇಕಿತ್ತು. ಬೆಳಗಿನ ಬಸ್ಸಿಗೆ ಹೊರಟು ವಿರಾಜಪೇಟೆಯಲ್ಲಿ ಬೇರೆ ಬಸ್ಸು ಹತ್ತಿದೆ. ಅಲ್ಲೇ ಒಬ್ಬ ಮುದುಕರೂ ಅವರ ಕೈಹಿಡಿದುಕೊಂಡು ಒಬ್ಬ ಗಂಡಸೂ ಹತ್ತಿದರು. ಅವರ ಬಳಿಯೂ ಒಂದು ಬುಟ್ಟಿ, ಅದೇ ಕುಂಬಾರರ ಮನೆಯದು, ಅದೇ ಕೆಂಪು ಕಟ್ಟು. ಕಂಡಕ್ಟರು ಎರಡನ್ನೂ ಡ್ರೈವರನ ಹಿಂದೆ ಅಕ್ಕಪಕ್ಕ ಇಟ್ಟ. ಬೆಳಗಿನ ಜಾವಕ್ಕೆ ಎದ್ದವಳು ನಾನು, ಕಿಟಕಿಗೆ ತಲೆಯಾನಿಸಿ ನಿದ್ದೆ ಹೋದೆ. ಎಚ್ಚರವಾದಾಗ ನಾಪೋಕ್ಲು. ಮುದುಕರು ಹಿಂದೆಲ್ಲೋ ಇಳಿದುಹೋಗಿದ್ದರು. ಉಳಿದಿದ್ದ ಬುಟ್ಟಿ ಎತ್ತಿಕೊಂಡು ನಡೆದೆ.

ರೈಟರ ಮನೆಯ ಜಗಲಿಯಲ್ಲಿ ಅವರ ತಾಯಿ ರೇಷ್ಮೆಸೀರೆ ಉಟ್ಟು, ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಆಗಲೇ ಕೂತಿದ್ದರು. ಸ್ಟ್ಯಾಂಡು ನಿಲ್ಲಿಸಿದೆ. ಬುಟ್ಟಿ ಬಿಚ್ಚಿದೆ. ಹುಲ್ಲಿನೊಳಗಿಂದ ಏಳು ಮಣ್ಣಿನ ನಾಯಿಗಳು ಕಿವಿ ನಿಗುರಿಸಿ ನನ್ನನ್ನೇ ನೋಡಿದವು. ಆ ತಾಯಿ ಕುರ್ಚಿಯಿಂದೆದ್ದು ಅವಕ್ಕೆ ಕೈಮುಗಿದರು. ರೈಟರು ಮಾತ್ರ ನಕ್ಕುಬಿಟ್ಟರು.

"ಎಂಥ ಜಯಮ್ಮ, ಇವು ಫೋಟೋ ಹಿಡಿಯುವ ನಾಯಿಗಳಾ?"

ನನ್ನ ಮುಖ ನೋಡಿ ಅವರ ನಗು ನಿಂತಿತು. ಮೆಟ್ಟಿಲ ಮೇಲೆ ಕೂತುಬಿಟ್ಟೆ. ಅಂಥ ಕ್ಯಾಮೆರಾ ಇನ್ನೊಂದು ನಮಗೆ ಈ ಜನ್ಮದಲ್ಲಿ ಸಿಗುವುದಿಲ್ಲ. ಅದು ಹೋದರೆ ಅಂಗಡಿ ಮುಚ್ಚಿತು, ಅಪ್ಪ ಮತ್ತೆ ಬಾಗಿಲು ಹಾಕಿಕೊಂಡು ಕೂರುವರು, ನಾನು ಯಾರದೋ ಅಡುಗೆಮನೆಗೆ ಹೋಗಬೇಕು. ಆ ವರ್ಷ ನಾನು ನಾನಾಗಿದ್ದೆ. ಅದು ಮುಗಿಯಿತು ಎಂದುಕೊಂಡೆ.

ರೈಟರಿಗೆ ಸುತ್ತಲಿನ ಊರೆಲ್ಲ ಗೊತ್ತು. ಈ ದಿನಗಳಲ್ಲಿ ನಾಯಿ ಒಪ್ಪಿಸುವುದು ಎಲ್ಲಿ ಎಂದು ಅವರೇ ಹೇಳಿ ಗದ್ದೆಯ ದಾರಿ ತೋರಿಸಿದರು. ನಾಲ್ಕು ಮೈಲಿ. ನಾಯಿಗಳ ಬುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡು ಬಿಸಿಲಲ್ಲಿ ನಡೆದೆ. ಸಿಟ್ಟಿನಲ್ಲಿ ನಡೆದರೂ ಒಂದು ನಾಯಿಯ ಕಿವಿಯೂ ಮುಕ್ಕಾಗದಂತೆ ನಡೆದೆ, ಅದನ್ನು ಅಯ್ಯಪ್ಪ ನೋಡಿರಬೇಕು.

ದೇವರಕಾಡಿನ ಅಂಚಿಗೆ ಒಂದು ಗಡಿಕಲ್ಲು. ಅದರ ಈಚೆ ಮರದ ನೆರಳಲ್ಲಿ ನಾಲ್ಕು ಜನ ಗಂಡಸರು ಕೂತಿದ್ದರು. ಒಬ್ಬರು ಆ ಊರಿನ ತಕ್ಕರು, ಎಂದರೆ ದೇವರ ಕಟ್ಟುಕಟ್ಟಳೆ ನೋಡಿಕೊಳ್ಳುವ ಹಿರಿಯರು. ಇನ್ನೊಬ್ಬ ಬಸ್ಸಿನಲ್ಲಿ ಮುದುಕರ ಕೈಹಿಡಿದಿದ್ದವನು, ಮುತ್ತಣ್ಣ ಎಂದು ಹೆಸರು, ಮುದುಕರ ತಂಗಿಯ ಮಗ. ಬುಟ್ಟಿ ಇಳಿಸಿ ನಡೆದದ್ದು ಹೇಳಿದೆ. ಮುತ್ತಣ್ಣನ ಮುಖ ಬಿಳುಚಿತು. ಬುಟ್ಟಿಯನ್ನು ಬೆಳಿಗ್ಗೆಯೇ ಒಳಗೆ ಇಟ್ಟಾಗಿತ್ತು. ಸಂಜೆ ಪೂಜಾರಿಗಳು ಬಂದ ಮೇಲೆ ಬಿಚ್ಚಿ, ನಾಯಿಗಳನ್ನು ಸಾಲಾಗಿ ನಿಲ್ಲಿಸುವುದಂತೆ. ಒಳಗೇನಿದೆ ಎಂದು ಯಾರೂ ನೋಡಿರಲಿಲ್ಲ.

ಹಾಗಾದರೆ ತಂದುಕೊಡಿ ಎಂದೆ. ಯಾರೂ ಏಳಲಿಲ್ಲ. ತಕ್ಕರು ನಿಧಾನವಾಗಿ, ಕೆಟ್ಟ ಮಾತು ಒಂದೂ ಆಡದೆ ಹೇಳಿದರು:

"ನೋಡು ತಾಯಿ, ಒಳಗೆ ಹೋದದ್ದು ಹೊರಗೆ ಬರುದಿಲ್ಲ. ನಮ್ಮ ಅಜ್ಜನ ಕಾಲದಲ್ಲಿ ಒಬ್ಬ ಒಳಗಿಂದ ಒಂದು ಕಂಚಿನ ಗಂಟೆ ತಗೊಂಡು ಹೋದ. ಅವನ ಎರಡು ಕಣ್ಣೂ ಹೋಯ್ತು. ಇಲ್ಲಿ ಯಾರಿಗೆ ಹೇಳ್ತೀ ನೀನು, ಹೋಗಿ ತಾ ಅಂತ?"

ಬಸ್ಸಿನಲ್ಲಿ ಕಂಡಕ್ಟರು ಕೇಳಿದಾಗ ದೇವರ ನಾಯಿ ಎಂದು ಒಪ್ಪಿಕೊಂಡವಳು ನೀನೇ ಅಲ್ಲವೇ ಎಂದು ಮುತ್ತಣ್ಣ ಎತ್ತಿ ಆಡಿದ. ಅವನು ಅದನ್ನು ಕೇಳಿಸಿಕೊಂಡಿದ್ದ. ದೇವರದು ಎಂದಮೇಲೆ ದೇವರು ತೆಗೆದುಕೊಂಡ, ಇನ್ನು ಯಾರೇನು ಮಾಡಲಿಕ್ಕಾಗುತ್ತದೆ ಎಂದು ಉಳಿದವರು ತಲೆದೂಗಿದರು. ಆ ಮಾತು ನಿಜ. ನಿಜವಾದರೂ ನಾನು ಬಗ್ಗಲಿಲ್ಲ.

"ಹೂಂ ಅಂದಿದ್ದು ಸೀಟಿಗೆ ಸ್ವಾಮಿ, ಹರಕೆಗಲ್ಲ. ನಾನ್ ಕೊಟ್ಟಿಲ್ಲ, ಅವ್ನು ತಗೊಂಡವ್ನೆ. ಅವನ ನಾಯಿ ನನ್ ಹತ್ರ ಅವೆ. ನನ್ ಕ್ಯಾಮೆರಾ ಬರೋಗಂಟ ಇವು ಇಲ್ಲಿಂದ ಒಳಕ್ಕೆ ಹೋಗಲ್ಲ."

ಹೀಗೆಂದು ಬುಟ್ಟಿಯನ್ನು ಎರಡೂ ಮೊಣಕಾಲ ನಡುವೆ ಹಿಡಿದುಕೊಂಡು ಗಡಿಕಲ್ಲಿನ ಪಕ್ಕ ಕೂತೆ. ಹೆಂಗಸಿನ ಕೈಯಿಂದ ಕಿತ್ತುಕೊಳ್ಳುವ ಜನ ಅವರಲ್ಲ, ಅಷ್ಟು ನನಗೆ ಗೊತ್ತಿತ್ತು. ಕಿತ್ತುಕೊಂಡರೆ ನಾಯಿಗಳು ಒಡೆಯುತ್ತವೆ, ಅದು ಅವರಿಗೆ ಗೊತ್ತಿತ್ತು. ಮಧ್ಯಾಹ್ನ ಇಳಿಯಿತು. ಪಡುವಣದಲ್ಲಿ ಮೋಡ ಕಟ್ಟಿತು, ಗುಡುಗಿತು. ಮಳೆ ಬಂದರೆ ಆ ತಿದಿ ಉಳಿಯುವುದಿಲ್ಲ. ಆಗ ನನಗೆ ತಡೆಯಲಾಗಲಿಲ್ಲ, ಎದ್ದು ನಿಂತು ಕಾಡಿನ ಕಡೆ ತಿರುಗಿ ಕೂಗಿದೆ. ನಾನು ಒಳಗೆ ಬರುವಂತಿಲ್ಲ ಅಂತಾರೆ, ನಿನಗೆ ಹೊರಗೆ ಬರಲು ಏನು ಅಡ್ಡಿ ಎಂದು ಕೇಳಿದೆ. ನಿನಗೆ ಇಷ್ಟು ಸಾವಿರ ನಾಯಿಗಳಿರುವಾಗ ನನಗಿರುವ ಒಂದನ್ನು ಯಾಕೆ ಕಿತ್ತುಕೊಂಡೆ ಎಂದು ಕೇಳಿದೆ. ಫೋಟೋ ಹೊಡೆಯಲು ನಿನಗೆ ಬರುತ್ತದೆಯೇ ಎಂದೂ ಕೇಳಿದೆ. ತಕ್ಕರು ಕಿವಿ ಮುಚ್ಚಿಕೊಂಡರು. ಇಂಥದನ್ನು ಕೇಳಿ ನಿಮಗೂ ಕೆಟ್ಟದೆನಿಸಬಹುದು. ಆದರೆ ಅವತ್ತಿನವರೆಗೆ ನಾನು ದೇವರ ಮುಂದೆ ಬಾಯಿಪಾಠ ಮಾಡಿದ ಮಾತುಗಳನ್ನು ಬಿಟ್ಟು ಬೇರೆ ಏನನ್ನೂ ಹೇಳಿದವಳಲ್ಲ. ಅವನು ಇದ್ದಾನೆ, ಕೇಳಿಸಿಕೊಳ್ಳುತ್ತಿದ್ದಾನೆ ಎಂದು ನಂಬಿ ಮಾತಾಡಿದ್ದು ಅದೇ ಮೊದಲು.

ಆ ಗಲಾಟೆ ಗದ್ದೆಯಾಚೆಗೂ ಕೇಳಿಸಿರಬೇಕು. ಮುದುಕರು ಕೋಲೂರಿಕೊಂಡು ಬಂದರು. ಚೆಂಗಪ್ಪಜ್ಜ ಎಂದು ಅವರನ್ನು ಎಲ್ಲರೂ ಕರೆಯುವುದು. ಕಣ್ಣುಗಳ ಮೇಲೆ ಬೆಳ್ಳಗೆ ಪೊರೆ ಬೆಳೆದಿತ್ತು. ಬಸ್ಸಿನಲ್ಲಿ ನಾನು ಅವರ ಮುಖ ಸರಿಯಾಗಿ ನೋಡಿರಲಿಲ್ಲ. ಮುತ್ತಣ್ಣ ಅವರಿಗೆ ನಡೆದದ್ದನ್ನೆಲ್ಲ ಹೇಳಿ, ಈ ಹೆಣ್ಣು ನಿಮ್ಮ ಹರಕೆಯನ್ನು ಹಿಡಿದಿಟ್ಟುಕೊಂಡಿದೆ, ಬರುವ ವಾರ ಮೈಸೂರಿನಲ್ಲಿ ಕಣ್ಣಿನ ಆಪರೇಷನ್ ಇರುವಾಗ ಹೀಗೆ ಆಗಬೇಕೇ ಎಂದು ಅತ್ತೇ ಬಿಟ್ಟ. ಒಂದೊಂದು ಕಣ್ಣಿಗೆ ಮೂರು, ಮೊರೆ ಕೇಳಿದ್ದಕ್ಕೆ ಇನ್ನೊಂದು, ಹೀಗೆ ಏಳು ನಾಯಿ ಎಂದು ಅಜ್ಜನ ಹರಕೆ.

ನನಗೆ ನಾಚಿಕೆಯಾಯಿತು. ಒಬ್ಬ ಕುರುಡಾಗುತ್ತಿರುವ ಮುದುಕರ ಕಣ್ಣುಗಳನ್ನು ಮೊಣಕಾಲ ಸಂದಿಯಲ್ಲಿ ಅದುಮಿ ಹಿಡಿದುಕೊಂಡು ಕೂತಿದ್ದೆ ನಾನು. ಬುಟ್ಟಿ ತೆಗೆದು ಅಜ್ಜನ ಕೈಗೆ ಮುಟ್ಟಿಸಿದೆ. ಏಳೂ ಇವೆ, ಒಂದೂ ಮುಕ್ಕಾಗಿಲ್ಲ, ಒಪ್ಪಿಸಿ ಅಜ್ಜ ಎಂದೆ. ಕಾಡಿನ ಕಡೆ ನೋಡಿ, ಇವನ್ನು ಕೊಟ್ಟದ್ದು ಅಜ್ಜನಿಗೆ, ನಿನಗಲ್ಲ, ನಿನ್ನ ಮೇಲಿನ ಜಗಳ ಹಾಗೇ ಇದೆ ಎಂದೂ ಹೇಳಿದೆ. ಸ್ಟ್ಯಾಂಡು ಹೆಗಲಿಗೇರಿಸಿ ಹೊರಟೆ. ಅಪ್ಪನಿಗೆ ಏನು ಹೇಳುವುದು ಎಂದು ಯೋಚಿಸುತ್ತ ಹತ್ತು ಹೆಜ್ಜೆ ಹೋಗಿರಬೇಕು.

"ಏ ಕುಂಞಿ, ನಿಲ್ಲು ಅಲ್ಲೇ" ಎಂದು ಅಜ್ಜ ಮಗುವನ್ನು ಕರೆಯುವಂತೆ ಕರೆದರು.

ಮುತ್ತಣ್ಣ ಜೊತೆಗೆ ಹೊರಟದ್ದನ್ನು ಅವರು ಕೋಲಿನಿಂದಲೇ ತಡೆದರು. ಬುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡು, ಕೋಲಿನಿಂದ ದಾರಿ ತಡಕುತ್ತ, ಗಡಿಕಲ್ಲು ದಾಟಿ ಒಬ್ಬರೇ ಒಳಗೆ ಹೋದರು. ಮರಗಳ ನಡುವೆ ಅವರ ಬಿಳಿ ಅಂಗಿ ಸ್ವಲ್ಪ ಹೊತ್ತು ಕಂಡಿತು, ಆಮೇಲೆ ಕಾಣಲಿಲ್ಲ. ನಾವು ಐವರೂ ಉಸಿರು ಹಿಡಿದು ನಿಂತಿದ್ದೆವು. ಮಳೆಯ ಮೊದಲ ಹನಿಗಳು ಎಲೆಗಳ ಮೇಲೆ ಬಿದ್ದವು. ಕಡೆಗೆ ಅಜ್ಜ ಬಂದರು. ತಲೆಯ ಮೇಲೆ ಬುಟ್ಟಿ ಇತ್ತು, ಕೆಂಪು ಕಟ್ಟು ಬಿಚ್ಚಿರಲಿಲ್ಲ. ಅವರು ನಾಯಿಗಳನ್ನು ಇಟ್ಟು, ನನ್ನದನ್ನು ಕೈಯಿಂದ ತಡಕಿ ಹುಡುಕಿ, ಹೊತ್ತು ತಂದಿದ್ದರು.

ತಕ್ಕರು ಎದ್ದು ನಿಂತು ಅಜ್ಜನ ಹೆಸರು ಹಿಡಿದು ಕೂಗಿದರು, ಕಣ್ಣಿನ ಮಾತು ಮರೆತೆಯಾ ಎಂದರು. ಅಜ್ಜ ಬುಟ್ಟಿಯನ್ನು ನನ್ನ ಕಾಲ ಬಳಿ ಇಳಿಸಿದರು.

"ನಾನು ಹೇಳಿಕೊಂಡದ್ದು ಏಳು ನಾಯಿ. ಇದನ್ನ ಹೇಳ್ಲಿಲ್ಲ. ಹೇಳದ್ದನ್ನ ಇಟ್ಟುಕೊಳ್ಳಲಿಕ್ಕೆ ನಮ್ಮ ಅಯ್ಯಪ್ಪ ಎಂಥ, ಕಳ್ಳನಾ?"

ಅಜ್ಜ, ನಿಮ್ಮ ಕಣ್ಣು ಎಂದು ಕೇಳಿದೆ. ಅದು ತನಗೂ ಅವನಿಗೂ ಇರುವ ಮಾತು, ನೀನು ನಿನ್ನ ಪೆಟ್ಟಿಗೆ ನೋಡಿಕೊ, ಮಳೆ ಬರುತ್ತಿದೆ ಎಂದರು. ಕೊಡೆ ಬಿಚ್ಚಿ ಬುಟ್ಟಿಯ ಮೇಲೆ ಹಿಡಿದೆ. ನಾನು ನೆನೆದೆ.

ಕ್ಯಾಮೆರಾ ಹೋದಷ್ಟೇ ಚೆನ್ನಾಗಿ ಬಂದಿತ್ತು. ಬೇರೆಯವರಾದರೆ ನನ್ನ ಮೊರೆ ಈಡೇರಿತು ಎಂದು ಇಲ್ಲಿಗೆ ಮುಗಿಸುತ್ತಿದ್ದರು. ನನಗೆ ಬಸ್ಸಿನಲ್ಲಿ ಕೂತರೂ ಎದೆ ಹಗುರಾಗಲಿಲ್ಲ. ಕೇಳಿದ್ದು ನಾನು, ಹೂಂ ಎಂದು ಸುಳ್ಳಾಡಿದ್ದು ನಾನು, ಕಣ್ಣು ಪಣಕ್ಕಿಟ್ಟದ್ದು ಅಜ್ಜ. ಆ ದಿನವೇ ಹರಕೆ ಹೊತ್ತೆ. ಆಪರೇಷನ್ ಆಗಿ ಅಜ್ಜನ ಕಣ್ಣಿನ ಕಟ್ಟು ಬಿಚ್ಚುವವರೆಗೆ ಒಂದು ಫೋಟೋ ತೆಗೆಯುವುದಿಲ್ಲ. ಅವರ ಕಣ್ಣು ಹೋದರೆ ಕ್ಯಾಮೆರಾವನ್ನು ನಾನೇ ತಂದು, ಬಾಯಿಬಿಟ್ಟು ಹೇಳಿ, ಗಡಿಕಲ್ಲಿನ ಬಳಿ ಒಪ್ಪಿಸುತ್ತೇನೆ. ಅಪ್ಪನಿಗೆ ಎಲ್ಲವನ್ನೂ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ನಡುಗುವ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು ಹೇಳಿದರು:

"ಕೊಡ್ಬೇಕಾಗಿ ಬಂದ್ರೆ ಕೊಡವ್ವ. ಲೆನ್ಸ್ ಒರೆಸಿ ಕೊಡು."

ಬುಟ್ಟಿ ಮೂಲೆಯಲ್ಲಿ ಕೂತಿತು. ಎರಡು ಮದುವೆಯ ಕರೆಗಳನ್ನು ವಾಪಸು ಕಳಿಸಿದೆ. ಮೈಸೂರಿಗೆ ಹೋಗುವ ಬಸ್ಸು ನಮ್ಮೂರ ಮೇಲೆಯೇ ಹಾಯಬೇಕು. ಅಜ್ಜನೂ ಮುತ್ತಣ್ಣನೂ ಬಂದ ದಿನ ನಾನೂ ಹತ್ತಿದೆ. ಮುತ್ತಣ್ಣ ನನ್ನ ಕಡೆ ತಿರುಗಲಿಲ್ಲ. ತಿತಿಮತಿ ದಾಟಿ, ನಮ್ಮ ಕೊಡಗು ರಾಜ್ಯದ ಗಡಿಯಲ್ಲಿ ಬಸ್ಸು ನಿಂತಾಗ ಅಜ್ಜ ಕಿತ್ತಳೆಹಣ್ಣು ಸುಲಿದು ಅರ್ಧ ನನಗೆ ಕೊಟ್ಟರು. ಫೋಟೋ ಹೇಗೆ ತೆಗೆಯುವುದು, ಗಾಜಿನ ಮೇಲೆ ಮನುಷ್ಯ ತಲೆಕೆಳಗಾಗಿ ಕಾಣುವುದು ನಿಜವೇ ಎಂದು ಹುಣಸೂರಿನವರೆಗೂ ಕೇಳುತ್ತಲೇ ಇದ್ದರು.

ಆಪರೇಷನ್ ಒಂದು ಕಣ್ಣಿಗೆ. ಆಮೇಲೆ ಎರಡೂ ಕಣ್ಣಿಗೆ ಕಟ್ಟು ಕಟ್ಟಿ, ತಲೆ ಅಲುಗದಂತೆ ಎರಡೂ ಕಡೆ ಮರಳಿನ ಚೀಲ ಇಟ್ಟು ಮಲಗಿಸಿದರು. ಹತ್ತು ದಿನ ಕೆಮ್ಮಬಾರದು, ಸೀನಬಾರದು, ನಗಬಾರದು. ನಾನು ಊರಿಗೆ ಮರಳಿ, ನಾಲ್ಕನೆಯ ದಿನ ಗಂಜಿಯ ಪಾತ್ರೆ ಹಿಡಿದುಕೊಂಡು ಮತ್ತೆ ಹೋದೆ. ಮುತ್ತಣ್ಣ ವಾರ್ಡಿನ ಬಾಗಿಲಲ್ಲೇ ತಡೆದ. ಹಿಂದಿನ ದಿನ ಅಜ್ಜನಿಗೆ ಕೆಮ್ಮು ಹತ್ತಿ ನಿಲ್ಲಲಿಲ್ಲವಂತೆ, ಕಟ್ಟಿನೊಳಗೆ ರಕ್ತ ಕಂಡಿತಂತೆ. ಡಾಕ್ಟರು ಕಟ್ಟು ಬದಲಿಸಿ, ಈಗ ಏನೂ ಹೇಳಲಾಗದು ಎಂದು ಹೋದರಂತೆ.

"ನಿನ್ನ ಪೆಟ್ಟಿಗೆಯಿಂದ ಆದದ್ದು ಇದು. ನೀನು ಒಳಗೆ ಬರುದು ಬೇಡ" ಎಂದ ಮುತ್ತಣ್ಣ.

ಗಂಜಿ ಪಾತ್ರೆ ಅವನ ಕೈಗೆ ಕೊಟ್ಟು ಆಸ್ಪತ್ರೆಯ ಜಗಲಿಗೆ ಬಂದೆ. ನಲ್ಲಿಯ ಬಳಿ ಹೆಂಗಸರು ಪಾತ್ರೆ ತೊಳೆಯುತ್ತಿದ್ದರು. ಅಲ್ಲಿ ನಿಂತು ನಾನು ಅಳುತ್ತಲೇ ಅಯ್ಯಪ್ಪನೊಡನೆ ಮಾತಾಡಿದೆ, ಈ ಸಲ ಬಾಯಿಬಿಡದೆ. ಹೂಂ ಎಂದದ್ದು ನಾನು, ಅವರಲ್ಲ. ಗಡಿಕಲ್ಲಿನ ಬಳಿ ನಿನಗೆ ಬೈದದ್ದು ನಾನು, ಅವರಲ್ಲ. ಅವರು ನಿನ್ನನ್ನು ಕಳ್ಳನಲ್ಲ ಎಂದು ನಂಬಿ ಒಳಗೆ ಬಂದವರು. ಆ ನಂಬಿಕೆಯನ್ನು ಸುಳ್ಳು ಮಾಡಿದರೆ ಇನ್ನು ನಿನ್ನ ಕಾಡಿಗೆ ಯಾವ ಮುಖವಿಟ್ಟುಕೊಂಡು ನಾಯಿ ತರಿಸಿಕೊಳ್ಳುತ್ತೀ? ಸಿಟ್ಟಿದ್ದರೆ ನನ್ನ ಕಡೆ ತಿರುಗು, ನಾನು ಇಲ್ಲೇ ಇದ್ದೇನೆ. ಹೀಗೆ ಕೇಳಿದೆ. ಬೇಡಿಕೊಳ್ಳುವುದು ನನಗೆ ಬರುವುದು ಹೀಗೆಯೇ. ಒಬ್ಬಾಕೆ ಪಾತ್ರೆ ತೊಳೆದಾಯಿತು, ನೀನು ಮುಖ ತೊಳೆದುಕೋ ಎಂದು ನಲ್ಲಿ ಬಿಟ್ಟುಕೊಟ್ಟಳು.

ಕಟ್ಟು ಬಿಚ್ಚುವ ದಿನ ಬೆಳಗಿನ ಮೊದಲ ಬಸ್ಸಿಗೆ ಹೋದೆ. ಬುಟ್ಟಿಯನ್ನೂ ಹೊತ್ತುಕೊಂಡಿದ್ದೆ. ಕಣ್ಣು ಹೋಗಿದ್ದರೆ ಮೈಸೂರಿನಿಂದ ನೇರವಾಗಿ ಆ ಕಾಡಿಗೆ ಹೋಗುವುದೆಂದು ನಿಶ್ಚಯಿಸಿದ್ದೆ, ಮನೆಗೆ ಬಂದರೆ ಮನಸ್ಸು ಬದಲಾದೀತು ಎಂಬ ಭಯ. ದಾರಿಯಲ್ಲಿ ಹುಲ್ಲು ಸರಿಸಿ ಲೆನ್ಸನ್ನು ಒರೆಸಿದೆ. ಮುತ್ತಣ್ಣ ಈ ಸಲ ತಡೆಯಲಿಲ್ಲ, ಅವನಿಗೂ ಒಬ್ಬನೇ ನಿಲ್ಲುವ ಧೈರ್ಯ ಇರಲಿಲ್ಲವೆಂದು ಕಾಣುತ್ತದೆ. ಡಾಕ್ಟರು ಕಿಟಕಿಯ ಪರದೆ ಎಳೆಸಿ, ಕಟ್ಟು ಬಿಚ್ಚಿ, ಒಂದು ದಪ್ಪ ಗಾಜನ್ನು ಅಜ್ಜನ ಕಣ್ಣಿನ ಮುಂದೆ ಹಿಡಿದು, ಎಷ್ಟು ಬೆರಳು ಎಂದು ಕೇಳಿದರು. ಮತ್ತೆ ಕೇಳಿದರು. ಅಜ್ಜ ಸುಮ್ಮನೆ ಗೋಡೆಯ ಕಡೆ ನೋಡುತ್ತಿದ್ದರು. ಮುತ್ತಣ್ಣ ಮಂಚದ ಕಂಬಿ ಹಿಡಿದುಕೊಂಡ. ನನಗೆ ತಡೆಯಲಾಗದೆ, ಅಜ್ಜ, ಏನಾದರೂ ಕಾಣಿಸುತ್ತದೆಯೇ ಎಂದು ಕೇಳಿದೆ.

ಅವರು ನನ್ನ ದನಿಯ ಕಡೆ ತಿರುಗಿದರು. ಡಾಕ್ಟರ ಕೈಯಿಂದ ಗಾಜನ್ನು ತಾವೇ ತೆಗೆದುಕೊಂಡು ಕಣ್ಣಿಗೆ ಹಿಡಿದು, ನನ್ನ ತಲೆಯಿಂದ ಕಾಲಿನವರೆಗೆ, ಮತ್ತೆ ಕಾಲಿನಿಂದ ತಲೆಯವರೆಗೆ ನೋಡಿದರು.

"ಅಯ್ಯಪ್ಪನ ಹತ್ರ ಅಷ್ಟು ಜೋರು ಮಾಡಿದವಳು ಇಷ್ಟೇ ಇಷ್ಟು ಇರುದಾ?" ಎಂದರು.

ನಾನು ನಿಜಕ್ಕೂ ಕುಳ್ಳಿ, ಮಂಚದ ತಲೆಗಂಬಿಗಿಂತ ಎರಡು ಗೇಣು ಮೇಲೆ ಅಷ್ಟೆ. ಮೊದಲು ನಕ್ಕವನು ಮುತ್ತಣ್ಣ. ನಕ್ಕು, ಹಾಗೇ ನೆಲದ ಮೇಲೆ ಕೂತು ಅತ್ತ. ನನ್ನ ವಿಷಯ ಹೇಳುವುದೇ ಬೇಡ. ನಗುವುದೂ ಅಳುವುದೂ ಒಟ್ಟಿಗೆ ಬಂದು, ದಾದಿಯೊಬ್ಬಳು ನನ್ನನ್ನು ಹೊರಗೆ ಕರೆದುಕೊಂಡು ಹೋದಳು.

ಡಾಕ್ಟರು ಗುಣಪಡಿಸಿದರು, ನಿನ್ನ ದೇವರದ್ದೇನು ಎಂದು ಕೇಳುವವರು ನಮ್ಮ ಬೀದಿಯಲ್ಲೇ ಇದ್ದಾರೆ. ಡಾಕ್ಟರೇ ಗುಣಪಡಿಸಿದ್ದು, ಅವರ ಕಾಲಿಗೂ ಬಿದ್ದು ಬಂದಿದ್ದೇನೆ. ಆದರೆ ಎದುರಿನ ಮನುಷ್ಯನ ಮುಖವೂ ಕಾಣದ ಅಜ್ಜನಿಗೆ ಸಾವಿರ ನಾಯಿಗಳ ನಡುವೆ ನನ್ನ ಬುಟ್ಟಿ ಕೈಗೆ ಸಿಕ್ಕದ್ದು ಹೇಗೆ? ತನ್ನ ಕಣ್ಣಿಗೇ ಕುತ್ತು ಎಂದು ಗೊತ್ತಿದ್ದೂ ಗುರುತಿಲ್ಲದ ಹೆಣ್ಣಿಗಾಗಿ ಒಳಗೆ ಹೋಗು ಎಂದು ಅವರ ಎದೆಯೊಳಗೆ ಹೇಳಿದವರು ಯಾರು? ಇದಕ್ಕೆ ಉತ್ತರ ತನ್ನಿ, ಆಮೇಲೆ ಮಾತಾಡೋಣ. ದೇವರೆಂದರೆ ಹೆದರಿಸಿ ಕಿತ್ತುಕೊಳ್ಳುವವನು ಎಂದು ಹೇಳುವ ಹಿರಿಯರಿಗೂ ನನ್ನದು ಇದೇ ಮಾತು. ನಾನು ಕಂಡ ಅಯ್ಯಪ್ಪ ಬೈಸಿಕೊಂಡು ಸುಮ್ಮನಿದ್ದ, ಹೇಳದ್ದನ್ನು ಇಟ್ಟುಕೊಳ್ಳಲಿಲ್ಲ, ನಂಬಿ ಬಂದವರ ಕಣ್ಣು ಕಾದ. ಅವನನ್ನು ಬಿಟ್ಟು ನಾನು ಎಲ್ಲಿಗೂ ಹೋಗುವವಳಲ್ಲ.

ಈಗ ಕಂಡಕ್ಟರು ಕೇಳಿದರೆ, ಕ್ಯಾಮೆರಾ, ನನ್ನದು ಎನ್ನುತ್ತೇನೆ. ಕೆಲವರು ಆದರೂ ಒಳಗೆ ಇಡುತ್ತಾರೆ. ಮೇಲೆ ಹಾಕು ಎನ್ನುವವರ ಬಸ್ಸಿನಿಂದ ಇಳಿದು ಮುಂದಿನದಕ್ಕೆ ಕಾಯುತ್ತೇನೆ. ಕಾಯುವುದಕ್ಕೆ ನನಗೆ ಬರುತ್ತದೆ.

ಅಜ್ಜ ಊರಿಗೆ ಬಂದ ಮೇಲೆ ನಾನು ಆ ಗಡಿಕಲ್ಲಿನ ಬಳಿಗೆ ಹೋದೆ. ತಕ್ಕರು ಅಲ್ಲೇ ಇದ್ದರು. ಕೈಮುಗಿದು ನಿಂತು ನಾನು ಗಂಟಲು ಸರಿಮಾಡಿಕೊಂಡದ್ದನ್ನು ನೋಡಿ ಅವರಿಗೆ ಗಾಬರಿಯಾಯಿತು. ಮನಸ್ಸಿನಲ್ಲೇ ಹೇಳಿಕೊಂಡರೂ ಅಯ್ಯಪ್ಪನಿಗೆ ಕೇಳುತ್ತದೆ ತಾಯಿ ಎಂದರು.

"ಬೈದಿದ್ದು ಊರಿಗೆಲ್ಲ ಕೇಳಿಸ್ತಲ್ಲ ತಕ್ಕರೇ, ಇದೂ ಕೇಳ್ಲಿ" ಎಂದೆ.

ನೀನು ಕೊಟ್ಟೆ ಅಯ್ಯಪ್ಪಾ, ನನಗೂ ಕೊಟ್ಟೆ, ಅಜ್ಜನಿಗೂ ಕೊಟ್ಟೆ ಎಂದು, ಅವತ್ತು ಜಗಳವಾಡಿದಷ್ಟೇ ಗಟ್ಟಿಯಾಗಿ ಕಾಡಿಗೆ ಕೂಗಿ ಹೇಳಿದೆ. ಗದ್ದೆಯಲ್ಲಿದ್ದವರು ತಲೆಯೆತ್ತಿ ನೋಡಿದರು. ಅಲ್ಲಿಯವರೆಗೆ ಬರಲಾಗದ ನಿಮಗೆ ಕೇಳಿಸಲೆಂದು ಇದನ್ನು ಬರೆದಿದ್ದೇನೆ.